ನಾನು ಸೀಟಿನಲ್ಲೇ ಇದ್ದೆ

“ಪರೀಕ್ಷಾರ್ಥಿಯು ಸೀಟಿನಲ್ಲಿ ಇರಲಿಲ್ಲ.”

ನನ್ನ ಅರವತ್ತೇಳು ವರ್ಷಗಳ ಬದುಕಿನಲ್ಲಿ ಜನ ನನ್ನ ಬಗ್ಗೆ ಅನೇಕ ಮಾತು ಆಡಿದ್ದಾರೆ. ಮೊಂಡ ಎಂದಿದ್ದಾರೆ. ಒಣಜಂಭದವನು ಎಂದಿದ್ದಾರೆ. ಮದುವೆಮನೆಯ ಪಾಯಸಕ್ಕೆ ಸಕ್ಕರೆ ಕಮ್ಮಿಯಾದರೆ ಅದಕ್ಕೂ ಲಿಖಿತ ದೂರು ಕೊಡುವ ಆಸಾಮಿ ಎಂದು ನನ್ನ ಭಾವಮೈದುನನೇ ಹತ್ತು ಜನರ ಎದುರು ಹೇಳಿದ್ದಾನೆ. ಇವು ಯಾವುವನ್ನೂ ನಾನು ಅಲ್ಲಗಳೆದಿಲ್ಲ, ಏಕೆಂದರೆ ಇವುಗಳಲ್ಲಿ ಸತ್ಯಾಂಶ ಇದೆ. ಆದರೆ ಸೀಟಿನಲ್ಲಿ ಇರಲಿಲ್ಲ ಎಂದು ಯಾರೂ, ಎಂದೂ, ಬಾಯಿತಪ್ಪಿ ಕೂಡ ಹೇಳಿರಲಿಲ್ಲ. ಆ ಮಾತು ಒಂದು ಸೋಮವಾರ ಬೆಳಿಗ್ಗೆ, ನಾನು ಬಕೆಟ್ಟಿನಲ್ಲಿ ಹಿಂಡಿ ನೆನೆಹಾಕುತ್ತಿದ್ದಾಗ, ನನ್ನ ಮೊಬೈಲಿಗೆ ಬಂತು.

ಬರೆದವರು ಗದಗಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಗೃಹಸ್ಥರು. ಅವರು ನಮ್ಮ ವಿಮಾನ ಕಂಪನಿಯ ಮುಖ್ಯ ಪರೀಕ್ಷಕರು. ವಿಮಾನ ಕಂಪನಿ ಎಂದೊಡನೆ ಓದುಗರು ಎದ್ದು ನಿಲ್ಲಬೇಕಾಗಿಲ್ಲ. ನಮ್ಮ ಕಂಪನಿಗೆ ವಿಮಾನಗಳಿಲ್ಲ, ಪ್ರಯಾಣಿಕರಿಲ್ಲ, ಕಚೇರಿಯಿಲ್ಲ, ಬೋರ್ಡಿಲ್ಲ. ಮನೆಯ ಕಂಪ್ಯೂಟರಿನಲ್ಲಿ, ಸಿಮ್ಯುಲೇಟರ್ ಎಂಬ ತಂತ್ರಾಂಶದೊಳಗೆ, ಹಳೆಯ ಕಾಲದ ಪ್ರೊಪೆಲ್ಲರ್ ವಿಮಾನಗಳನ್ನು ಹಾರಿಸುವ ಇಪ್ಪತ್ತೋ ಮೂವತ್ತೋ ಜನ ಸೇರಿ ಮಾಡಿಕೊಂಡಿರುವ ಬಳಗ ಅದು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ವೇಳಾಪಟ್ಟಿ ಇದೆ, ಹುದ್ದೆಗಳಿವೆ, ಸೇವಾ ಪುಸ್ತಕ ಇದೆ, ಬಡ್ತಿಗಾಗಿ ಮುನಿಸು ಇದೆ, ಮೆಮೋ ಇದೆ. ನಿಜವಾದ ಕಂಪನಿಗೆ ಬೇಕಾದದ್ದೆಲ್ಲ ಇದೆ, ವಿಮಾನ ಒಂದನ್ನು ಬಿಟ್ಟು.

ನಾನು ಅಲ್ಲಿ ಮೂರು ವರ್ಷ ಎರಡು ಎಂಜಿನಿನ ಅಂಚೆ ವಿಮಾನ ಓಡಿಸಿದೆ. ಒಂದು ದಿನವೂ ತಡವಾಗಿ ಹೊರಡಲಿಲ್ಲ. ಮೂರು ವರ್ಷ ಮುಗಿದ ಮೇಲೆ ನಾಲ್ಕು ಎಂಜಿನಿನ ದೊಡ್ಡ ವಿಮಾನಕ್ಕೆ ಕ್ಯಾಪ್ಟನ್ ಆಗಲು ಪರೀಕ್ಷೆಗೆ ಕೂರಬಹುದು ಎಂಬ ನಿಯಮದಂತೆ ಕೂತೆ. ಅದರ ಫಲಿತಾಂಶವೇ ಮೇಲಿನ ಸಾಲು. ಆ ಷರಾ ಸೇವಾ ಪುಸ್ತಕದಲ್ಲಿ ಉಳಿದರೆ ನಾನು ಮತ್ತೆ ಒಂದು ವರ್ಷ ಅಂಚೆ ಚೀಲ ಹೊರಬೇಕು. ಹೊರುತ್ತೇನೆ, ಅಂಚೆ ಚೀಲಕ್ಕೆ ನಾನು ಅಂಜುವುದಿಲ್ಲ. ಆದರೆ ಆ ಷರಾ ಉಳಿಯಬಾರದು. ಅದನ್ನು ಹೊಡೆದುಹಾಕಿಸುವುದು ಬಿಟ್ಟು ಆಮೇಲಿನ ಎರಡು ವಾರ ನನಗೆ ಬೇರೆ ಯೋಚನೆ ಇರಲಿಲ್ಲ.

ಮೊದಲು ಆ ವಿಮಾನದ ಬಗ್ಗೆ ಹೇಳಬೇಕು. ಈಗಿನ ವಿಮಾನಗಳಲ್ಲಿ ಗುಂಡಿ ಒತ್ತಿದರೆ ಎಂಜಿನ್ ತಾನೇ ಹತ್ತಿಕೊಳ್ಳುತ್ತದಂತೆ. ಮಿಕ್ಸಿಯೂ ಹಾಗೆಯೇ ಹತ್ತಿಕೊಳ್ಳುತ್ತದೆ. ಅದರಲ್ಲಿ ಹೆಚ್ಚುಗಾರಿಕೆ ಏನು ಎಂಬುದು ನನಗೆ ಇನ್ನೂ ತಿಳಿದಿಲ್ಲ. ನಮ್ಮ ದೊಡ್ಡ ವಿಮಾನದಲ್ಲಿ ಮೊದಲು ಮೂರನೆಯ ಎಂಜಿನ್ನನ್ನು ಎಬ್ಬಿಸಬೇಕು. ಸ್ಟಾರ್ಟರ್ ಒತ್ತಿ ಹಿಡಿದು, ಪ್ರೊಪೆಲ್ಲರಿನ ಎಲೆಗಳು ಕಿಟಕಿಯಾಚೆ ಒಂದೊಂದಾಗಿ ಹಾದುಹೋಗುವುದನ್ನು ಎಣಿಸಬೇಕು. ಸಾಕಷ್ಟು ಎಲೆ ಹಾದ ಮೇಲೆ ಕಿಡಿ ಕೊಡಬೇಕು, ಪೆಟ್ರೋಲು ಕುಡಿಸಬೇಕು. ಅದು ಕೆಮ್ಮುತ್ತದೆ, ಹೊಗೆ ಉಗುಳುತ್ತದೆ, ಒಂದು ಸಲ ಸುಮ್ಮನಾಗಿ ನಮ್ಮ ಯೋಗ್ಯತೆ ಅಳೆಯುತ್ತದೆ, ಮನಸ್ಸಿದ್ದರೆ ಹಿಡಿಯುತ್ತದೆ. ಆಮೇಲೆ ನಾಲ್ಕನೆಯದು, ಎರಡನೆಯದು, ಒಂದನೆಯದು. ನಾಲ್ಕರ ಎಣ್ಣೆಯೂ ಕಾಯುವವರೆಗೆ ನಿಂತಲ್ಲೇ ನಿಂತಿರಬೇಕು. ಹಾರುವಾಗ ಪ್ರತಿ ಎಂಜಿನಿನ ಸುತ್ತ ಇರುವ ಗಾಳಿಕದಗಳನ್ನು ತೆರೆಯುತ್ತ ಮುಚ್ಚುತ್ತ ಇರಬೇಕು. ಹೆಚ್ಚು ತೆರೆದರೆ ಶೀತ, ಹೆಚ್ಚು ಮುಚ್ಚಿದರೆ ಜ್ವರ. ಬಾಣಂತಿಯನ್ನು ನೋಡಿಕೊಂಡ ಹಾಗೆ, ಅದೂ ನಾಲ್ವರನ್ನು ಒಟ್ಟಿಗೆ.

ಈ ಎಣ್ಣೆ ಕಾಯುವ ಅವಧಿಯಲ್ಲಿ ನನ್ನ ಹೆಂಡತಿ ಬಾಗಿಲ ಬಳಿ ಬಂದು ನಿಲ್ಲುವುದುಂಟು. ಅವಳು ಬಂಗಾರಪೇಟೆ ಪಕ್ಕದ ಹಳ್ಳಿಯ ಒಕ್ಕಲು ಮನೆಯ ಮಗಳು. ಈಗಲೂ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾಳೆ.

“ಇನ್ನೂ ಒರಟಿಲ್ವಾ?” ಎನ್ನುತ್ತಾಳೆ. “ಬಸ್ಟ್ಯಾಂಡಿಂದ ಮುದುಕಿ ನಡ್ಕೊಂಡ್ ಒರಟಿದ್ರೂ ಇಷ್ಟೊತ್ಗೆ ಕೋಲಾರ ಸೇರಿರೋಳು.”

ನಾನು ಉತ್ತರ ಕೊಡುವುದಿಲ್ಲ. ಎಂಜಿನ್ ತಿರುಗುತ್ತಿರುವಾಗ ನಾನು ಯಾರಿಗೂ ಉತ್ತರ ಕೊಡುವುದಿಲ್ಲ. ಇಡೀ ರಗಳೆಯ ಮೂಲ ಇಲ್ಲಿದೆ.

ನಾನು ಕೆಜಿಎಫ್ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ಸ್‌ನ ಒಂದು ಶಾಫ್ಟಿನಲ್ಲಿ, ಗಣಿ ಮುಚ್ಚುವವರೆಗೂ, ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದೆ. ಶಾಫ್ಟ್ ಎಂದರೆ ಭೂಮಿಯೊಳಕ್ಕೆ ನೆಟ್ಟಗೆ ಇಳಿಯುವ ಬಾವಿ. ಅದರೊಳಗೆ ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪೆಟ್ಟಿಗೆಗೆ ಕೇಜು ಎನ್ನುತ್ತಾರೆ. ಆ ಕೇಜಿನ ಹಗ್ಗ ಬಂದು ಸುತ್ತಿಕೊಳ್ಳುವ ದೊಡ್ಡ ಡ್ರಮ್ಮು, ಅದನ್ನು ತಿರುಗಿಸುವ ಎಂಜಿನ್ನು, ಅದರ ಮುಂದೆ ಒಂದು ಸೀಟು, ಆ ಸೀಟಿನಲ್ಲಿ ನಾನು. ಕೇಜು ನನಗೆ ಕಾಣುವುದಿಲ್ಲ. ಶಾಫ್ಟಿನ ಬಾಯಿ ಕೂಡ ಕಾಣುವುದಿಲ್ಲ. ಎದುರಿಗೆ ಒಂದು ಡಯಲು. ಅದರ ಮುಳ್ಳು ಕೇಜು ಎಷ್ಟು ಆಳದಲ್ಲಿದೆ ಎಂದು ತೋರಿಸುತ್ತದೆ. ಆ ಮುಳ್ಳನ್ನು ನಂಬಿ ನಾನು ಅಷ್ಟು ವರ್ಷ ಜನರನ್ನು ಇಳಿಸಿದೆ, ಹತ್ತಿಸಿದೆ. ಮೋಡದೊಳಗೆ ಬರೀ ಡಯಲು ನೋಡಿ ವಿಮಾನ ಓಡಿಸುವುದು ಕಷ್ಟ ಎಂದು ನಮ್ಮ ಕಂಪನಿಯ ಹುಡುಗರು ಗೊಣಗುವಾಗ ನನಗೆ ನಗು ಬರುತ್ತದೆ. ನಾನು ಮೋಡದಲ್ಲೇ ಸರ್ವೀಸು ಮುಗಿಸಿದವನು.

ಎಂಜಿನ್ ಮನೆಯ ಗೋಡೆಯ ಮೇಲೆ ಒಂದು ಬೋರ್ಡು ಇತ್ತು. ಎಂಜಿನ್ ಚಲಿಸುತ್ತಿರುವಾಗ ಡ್ರೈವರ್ ಜೊತೆ ಮಾತನಾಡಬಾರದು ಎಂದು ಇಂಗ್ಲಿಷು, ತಮಿಳು, ತೆಲುಗು, ಕನ್ನಡದಲ್ಲಿ ಬರೆದಿತ್ತು. ನಮಗೆ ಸುದ್ದಿ ಬರುತ್ತಿದ್ದದ್ದು ಗಂಟೆಯಿಂದ. ಒಂದು ಬಾರಿಸಿದರೆ ನಿಲ್ಲಿಸು, ಇಷ್ಟು ಬಾರಿಸಿದರೆ ಹತ್ತಿಸು, ಇಷ್ಟು ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ, ನಿಧಾನ. ಬಂದ ಸಂಜ್ಞೆಯನ್ನು ನಾವು ಹಾಗೆಯೇ ತಿರುಗಿ ಬಾರಿಸುತ್ತಿದ್ದೆವು, ತಿಳಿಯಿತು ಎನ್ನುವುದಕ್ಕೆ. ಬಾಯಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಒಮ್ಮೆ ಯಾರೋ ಮೇಲಧಿಕಾರಿ ತಪಾಸಣೆಗೆ ಬಂದು, ಕೇಜು ಇಳಿಯುತ್ತಿರುವಾಗಲೇ ನನ್ನ ಬೆನ್ನ ಹಿಂದೆ ನಿಂತು ಹೆಸರೇನು ಎಂದು ಕೇಳಿದರು. ನಾನು ತಿರುಗಲಿಲ್ಲ. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಜೋರಾಗಿ ಕೇಳಿದರು. ಕೇಜು ತಳ ಮುಟ್ಟಿ, ಬ್ರೇಕು ಬಿಗಿದು, ಗಂಟೆ ಬಂದ ಮೇಲೆ ನಾನು ಎದ್ದು ನಿಂತು ಹೆಸರು ಹೇಳಿದೆ. ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಪುಸ್ತಕದಲ್ಲಿ “ಎಲ್ಲವೂ ಕ್ರಮಬದ್ಧವಾಗಿದೆ” ಎಂದು ಬರೆದು ಹೋದರು. ಕೇಜು ಚಲಿಸುತ್ತಿರುವಾಗ ಸೀಟು ಬಿಟ್ಟು ಏಳುವುದು ನಮ್ಮಲ್ಲಿ ಎಂಥ ಅಪರಾಧ ಎಂದರೆ, ಅದಕ್ಕೆ ಶಿಕ್ಷೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಅದನ್ನು ಮಾಡಿರಲಿಲ್ಲ.

ಇಂಥ ನನ್ನನ್ನು ಸೀಟಿನಲ್ಲಿ ಇರಲಿಲ್ಲ ಎಂದು ಒಬ್ಬ ಔಷಧಿ ಅಂಗಡಿಯವರು ಬರೆದರು.

ಪರೀಕ್ಷೆ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ. ಮದ್ರಾಸಿನಿಂದ ಬೆಂಗಳೂರಿಗೆ. ಗದಗಿನವರು ತಮ್ಮ ಮನೆಯಲ್ಲೇ ಕೂತು ನನ್ನ ವಿಮಾನದ ಯಾವ ಭಾಗವನ್ನಾದರೂ ಕೆಡಿಸಬಹುದು, ಅಂಥ ಸೌಕರ್ಯ ಅವರ ಕೈಯಲ್ಲಿದೆ. ಕೆಡಿಸಿ, ನಾನು ಏನು ಮಾಡುತ್ತೇನೆ ಎಂದು ಮೈಕಿನಲ್ಲಿ ಕೇಳುತ್ತಾರೆ. ಅದೇ ಪರೀಕ್ಷೆ. ಕಾಟ್ಪಾಡಿ ದಾಟಿ ನಮ್ಮ ಕಡೆಯ ಗುಡ್ಡಗಳು ಕಾಣುವವರೆಗೆ ಎಲ್ಲವೂ ಸರಿಯಾಗಿತ್ತು. ಕೆಳಗೆ ಕೆಜಿಎಫ್ ಬಂತು. ಇಲ್ಲಿ ಪ್ರಾಸಂಗಿಕವಾಗಿ ಇನ್ನೊಂದು ಆಕ್ಷೇಪಣೆ ದಾಖಲಿಸುತ್ತೇನೆ. ಈ ಸಿಮ್ಯುಲೇಟರ್ ಮಾಡಿದ ಮಹಾನುಭಾವರು ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬಗಳ ಮೇಲೆ ತೆಂಗಿನ ತೋಪು ಬೆಳೆಸಿದ್ದಾರೆ. ಹುಲ್ಲುಕಡ್ಡಿಗೂ ಯೋಚಿಸಬೇಕಾದ ಮಣ್ಣು ಅದು. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿರುವ ಕಡೆ ಹನ್ನೆರಡು ಅಂತಸ್ತಿನ ಗಾಜಿನ ಕಟ್ಟಡ ನಿಲ್ಲಿಸಿದ್ದಾರೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹಳಿಗಳಿವೆ, ರೈಲಿಲ್ಲ. ಇದೆಲ್ಲವನ್ನೂ ನಾನು ಸಹಿಸಿಕೊಂಡು ಹೋಗುತ್ತಿರುವಾಗ ಮೂರನೆಯ ಎಂಜಿನಿನ ಕೆಂಪು ದೀಪ ಹತ್ತಿತು.

“ಸರ, ಮೂರನೇ ಎಂಜಿನ್ ಬೆಂಕಿ ಹತ್ತೈತ್ರಿ. ಏನ್ ಮಾಡ್ತೀರಿ, ಹೇಳ್ರಿ,” ಎಂದರು ಗದಗಿನವರು.

ನಾನು ಮಾಡಿದೆ. ಪೆಟ್ರೋಲು ನಿಲ್ಲಿಸಿದೆ, ಪ್ರೊಪೆಲ್ಲರಿನ ಎಲೆಗಳು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ ನಿಲ್ಲಿಸಿದೆ, ಬೆಂಕಿ ಆರಿಸಿದೆ, ಉಳಿದ ಮೂರು ಎಂಜಿನ್ನುಗಳಿಗೆ ಹೊರೆ ಹಂಚಿದೆ. ಸಂದೇಶ ಮುಟ್ಟಿತು ಎನ್ನುವುದಕ್ಕೆ ಗಣಿಯ ಪದ್ಧತಿಯಂತೆ, ಮೂರನೆಯ ಎಂಜಿನ್ನಿಗೆ ಮೂರು ಎಂದು, ಬೆರಳಗೆಣ್ಣಿನಿಂದ ಮೇಜಿನ ಮೇಲೆ ಮೂರು ಸಲ ಸ್ಪಷ್ಟವಾಗಿ ಬಡಿದೆ.

“ಸರ? ಅದೀರೇನ್ರಿ?”

ಮತ್ತೆ ಬಡಿದೆ.

“ಹಲೋ? ಸರ?”

ಈ ಹೊತ್ತಿಗೆ ನಮ್ಮ ದೊಡ್ಡ ಹಸು, ನೀರಿಗೋ ಏನೋ, ಒಂದು ಸಲ ಕೂಗಿತು. ನಾನು ಮೂರು ಎಂಜಿನಿನಲ್ಲಿ ಬೆಂಗಳೂರು ಮುಟ್ಟಿ, ಲೋಟದ ನೀರು ಅಲುಗದ ಹಾಗೆ ಇಳಿಸಿ, ಎಂಜಿನ್ನುಗಳನ್ನು ಆರಿಸಿ, ಬಾಯಿ ತೆರೆದು “ನಮಸ್ಕಾರ” ಎನ್ನುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಮಾರನೆಯ ದಿನ ವರದಿ ಬಂತು. ಅದರ ಪೂರ್ಣ ಪಾಠ ಹೀಗಿತ್ತು: ಪರೀಕ್ಷಾರ್ಥಿಯು ಸೀಟಿನಲ್ಲಿ ಇರಲಿಲ್ಲ. ಯಾಂತ್ರಿಕ ಸಹಾಯಕನ ಮೂಲಕ ವಿಮಾನ ತಾನಾಗಿ ಹಾರಿರುವ ಸಂಭವ ಇದೆ. ಮೈಕಿನಲ್ಲಿ ಬಡಗಿ ಕೆಲಸದ ಸದ್ದು ಮತ್ತು ಜಾನುವಾರಿನ ಸದ್ದು ಹೊರತು ಬೇರೇನೂ ಕೇಳಿಬರಲಿಲ್ಲ.

ಯಾಂತ್ರಿಕ ಸಹಾಯಕ ಎಂದರೆ, ಎಂಜಿನ್ನುಗಳ ಯೋಗಕ್ಷೇಮವನ್ನು ಕಂಪ್ಯೂಟರೇ ನೋಡಿಕೊಳ್ಳುವ ಒಂದು ಏರ್ಪಾಡು. ಸೋಮಾರಿಗಳಿಗಾಗಿ ಇಟ್ಟದ್ದು. ನಾನು ಮೊದಲ ದಿನವೇ ಅದನ್ನು ಬಂದ್ ಮಾಡಿದ್ದೆ. ಈಗ ನನ್ನ ಕೆಲಸದ ಕೀರ್ತಿ ಆ ಏರ್ಪಾಡಿಗೆ ಹೋಗಿತ್ತು. ನಾನು ಕೊಟ್ಟ ಉತ್ತರ ಬಡಗಿ ಲೆಕ್ಕಕ್ಕೆ ಹೋಗಿತ್ತು. ಹಾಜರಾತಿ ಸಿಕ್ಕಿದ್ದು ಹಸುವಿಗೆ ಮಾತ್ರ.

ಗಣಿ ಮುಚ್ಚಿದ ಮೇಲೆ ನಾನು ಬಂಗಾರಪೇಟೆಯಲ್ಲಿ ತಾಲ್ಲೂಕು ಕಚೇರಿ ಹತ್ತಿರ ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸಿದವನು. ಪಹಣಿ ತಿದ್ದುಪಡಿಯಿಂದ ಹಿಡಿದು ಬೀದಿದೀಪದವರೆಗೆ ಜನರ ಅರ್ಜಿಗಳನ್ನು ಟೈಪು ಮಾಡಿ ಮಾಡಿ ನನ್ನ ಬೆರಳುಗಳಿಗೆ “ಮಾನ್ಯರೇ” ಎನ್ನುವುದು ತಾನಾಗಿ ಬರುತ್ತದೆ. ಅಂದೇ ಮಧ್ಯಾಹ್ನ ನಾಲ್ಕು ಪುಟದ ಮೇಲ್ಮನವಿ ಸಿದ್ಧವಾಯಿತು. ಉಲ್ಲೇಖ, ವಿಷಯ, ಅಡಕ ಎಲ್ಲವೂ ಇದ್ದವು. ಕೊರತೆ ಇದ್ದದ್ದು ಒಂದೇ, ಸಾಕ್ಷಿ. ಎಂಜಿನ್ ಡ್ರೈವರು ಕೆಲಸದಲ್ಲಿ ಮಾತಾಡುವುದಿಲ್ಲ, ಬಡಿದು ಉತ್ತರ ಕೊಡುತ್ತಾನೆ ಎಂದು ಪ್ರಮಾಣಿಸಿ ಹೇಳಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು.

ಅಂಥ ಮನುಷ್ಯ ಚಾಂಪಿಯನ್ ರೀಫ್ಸ್‌ನ ಲೈನಿನಲ್ಲಿ ಇದ್ದಾನೆ. ಅವನು ನಮ್ಮ ಶಾಫ್ಟಿನ ಬ್ಯಾಂಕ್ಸ್‌ಮನ್ ಆಗಿದ್ದವನು. ಎಂದರೆ ಶಾಫ್ಟಿನ ಬಾಯಲ್ಲಿ ನಿಂತು, ಕೇಜಿನ ಗೇಟು ಹಾಕಿ, ನನಗೆ ಗಂಟೆ ಕೊಡುತ್ತಿದ್ದವನು. ಹದಿನೈದು ವರ್ಷ ನಾವು ಕೆಲಸದ ವೇಳೆ ಒಂದು ಮಾತೂ ಆಡದೆ ಸ್ನೇಹಿತರಾಗಿದ್ದೆವು. ನಾನು ರೈಲು ಹತ್ತಿ ಅವನ ಮನೆಗೆ ಹೋದೆ. ಅವನು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು ನಾಲ್ಕು ಪುಟವನ್ನೂ ಓದಿಸಿ ಕೇಳಿದ. ಕೇಳಿದ ಮೇಲೆ ಬಹಳ ಹೊತ್ತು ನಕ್ಕ. ಅವನ ಹೆಂಡತಿ ಒಳಗಿಂದ ಬಂದು ಏನಾಯಿತು ಎಂದು ನೋಡಿ ಹೋದರು.

“ಎನ್ನ ಡ್ರೈವರಣ್ಣಾ, ಇದಕ್ಕಾ ಟ್ರೈನ್ ಹತ್ಕೊಂಡ್ ಬಂದೆ?” ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ.

“ನಗಬೇಡ. ಸಹಿ ಹಾಕು,” ಎಂದೆ.

“ಆಕ್ತೀನಿ. ಆದ್ರೆ ಒಂದ್ ಮಾತ್ ಕೇಳ್ತೀನಿ, ಕೋಪ ಮಾಡ್ಕೋಬಾರ್ದು. ನೀನು ಮೂರು ಬಡ್ದೆ. ಸರಿ. ನಂಗೆ ತಿಳಿಯುತ್ತೆ, ನಾನು ಬ್ಯಾಂಕ್ಸ್‌ಮನ್ನು. ಆ ಗದಗಿನ ಆಳು ಯಾವ ಶಾಫ್ಟಲ್ಲಿ ಕೆಲ್ಸ ಮಾಡವ್ನೆ?”

“ಔಷಧಿ ಅಂಗಡಿ.”

“ಪಾತ್ತಿಯಾ, ನೋಡ್ದಾ? ಮಾತ್ರೆ ಮಾರೋ ಮನುಷ್ಯನ್ಗೆ ಗಂಟೆ ಬಾರ್ಸಿದ್ರೆ ಅವ್ನೇನ್ ಮಾಡ್ತಾನೆ? ಬಡಗಿ ಅಂತಾನೆ. ಬಡಗಿ ಅಂದಿದ್ದೇ ದೊಡ್ಡದು, ಮರಕುಟಿಗ ಅನ್ಲಿಲ್ವಲ್ಲ.”

“ನಿಯಮ ಅಂತ ಒಂದಿದೆ.”

“ಆ ರೂಲು ಯಾರಿಗೆ ಬರ್ದಿದ್ದು ಅಣ್ಣಾ? ನಿಂಗಲ್ಲ. ನಿನ್ನ ಮಾತಾಡ್ಸೋರ್ಗೆ. ನೀನು ಬಾಯಿ ಬಿಡಬಾರ್ದು ಅಂತ ಆ ಬೋರ್ಡಲ್ಲಿ ಎಲ್ಲಿತ್ತು?”

ನಾನು ಬೋರ್ಡನ್ನು ನಾಲ್ಕು ಭಾಷೆಯಲ್ಲೂ ನೆನಪಿಸಿಕೊಂಡೆ. ಅವನು ಹೇಳಿದ್ದು ಸರಿಯಾಗಿತ್ತು. ಇಷ್ಟು ವರ್ಷಗಳ ಸ್ನೇಹದಲ್ಲಿ ಅವನು ಮಾಡಿದ ಅತಿ ದೊಡ್ಡ ದ್ರೋಹ ಇದು. ಆದರೂ ಸಹಿ ಹಾಕಿದ. ಹಾಕುವಾಗ “ಬಾಯಿ ಬಿಡಣ್ಣಾ, ಬಾಯಿ ಬಿಟ್ರೆ ಕೇಜಿನ ಅಗ್ಗ ಕಿತ್ಕೊಂಡ್ ಓಗಲ್ಲ” ಎಂದ.

ಮೇಲ್ಮನವಿ ಕಳಿಸಿದೆ. ಗದಗಿನಿಂದ ಎರಡು ಸಾಲು ಉತ್ತರ ಬಂತು. ಮನವಿಯನ್ನು ಓದಲಾಗಿದೆ, ಬರುವ ಭಾನುವಾರದ ಮುಂದಿನ ಭಾನುವಾರ ಮರುಪರೀಕ್ಷೆ, ಪರೀಕ್ಷಾರ್ಥಿಯು ಬಾಯಿಮಾತಿನಲ್ಲಿ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಹಿಂದಿನ ಷರಾ ಖಾಯಂ. ನಾಲ್ಕು ಪುಟಕ್ಕೆ ಎರಡು ಸಾಲು! ಮಾತ್ರೆ ಚೀಟಿಯ ಹಿಂದೆ ಬರೆದರೂ ಇದಕ್ಕಿಂತ ಉದ್ದ ಬರೆಯಬಹುದು.

ಅಭ್ಯಾಸ ಶುರುವಾಯಿತು. ಹೆಂಡತಿಗೆ ವಿಷಯ ತಿಳಿಸಿ, ನಾನು ಹಾರಿಸುತ್ತಿರುವಾಗ ಏನಾದರೂ ಪ್ರಶ್ನೆ ಕೇಳುತ್ತಿರು ಎಂದೆ. ಅವಳ ದನಿ ಕೇಳಲೆಂದು ಹೆಡ್‌ಫೋನು ಬಿಚ್ಚಿಟ್ಟು ಸ್ಪೀಕರ್ ಹಾಕಿಕೊಂಡೆ.

“ಏನಂದ್ರೆ, ಎಲ್ಲಿದ್ದೀರ ಈಗ?” ಎಂದಳು ಬಾಗಿಲಿಂದ.

ನಾನು ತಿರುಪತಿಯ ಮೇಲಿದ್ದೆ. ಹೇಳಲಾಗಲಿಲ್ಲ.

“ಮೂರ್ನೇದ್ಕೆ ಬೆಂಕಿ ಬಿದ್ದೈತಂತೆ. ಏನ್ ಮಾಡ್ತೀರ?”

ಬಾಯಿ ತೆರೆದೆ. ನಾಲ್ಕು ಎಂಜಿನಿನ ಸದ್ದಿನ ಎದುರು ನಾಲಗೆ ಬಿಗಿದು ನಿಂತಿತು. ಕೇಜಿನಲ್ಲಿ ಜನ ಇರುವಾಗ ಮಾತಾಡಿದಂಥ ಭಯ. ಜನ ಇಲ್ಲ, ಕೇಜೂ ಇಲ್ಲ, ನೆಲದಿಂದ ಒಂದೂವರೆ ಅಡಿ ಎತ್ತರದ ಕುರ್ಚಿಯಲ್ಲಿ ಕೂತಿದ್ದೇನೆ ಎಂದು ನನಗೆ ಗೊತ್ತು. ನಾಲಗೆಗೆ ಗೊತ್ತಿಲ್ಲ.

“ಓಗ್ಲಿ, ಸಾರಿಗೆ ಉಪ್ಪು ಜಾಸ್ತಿ ಆಗೈತೆ. ಅದುಕ್ಕಾದ್ರೂ ಏನ್ ಮಾಡ್ಲಿ ಏಳಿ.”

ಎಂಜಿನ್ನುಗಳನ್ನು ಆರಿಸಿದ ಮೇಲೆ ನಾನು ಮೂರೂ ಪ್ರಶ್ನೆಗಳಿಗೆ ವಿವರವಾಗಿ ಉತ್ತರಿಸಿದೆ.

“ಊಟ ಆದ್ಮೇಲೆ ಉಪ್ಪಿನ್ ಇಚಾರ ಏಳ್ತೀರಲ್ಲ,” ಎಂದಳು. “ಮದ್ವೆ ಆದಾಗಿಂದ ನೋಡ್ತಿದ್ದೀನಿ. ಮಾತು ಬೇಕಾದಾಗ ಇಲ್ಲ, ಬೇಡ್ವಾದಾಗ ನಾಕ್ ಪುಟ.”

ಪರೀಕ್ಷೆಯ ದಿನದವರೆಗೂ ಹೀಗೆಯೇ ನಡೆಯಿತು. ಪ್ರಗತಿ ಏನೂ ಇರಲಿಲ್ಲ. ಒಂದೇ ಒಂದು ಸಲ, ಕೃಷ್ಣಗಿರಿಯ ಮೇಲೆ, “ಹೂಂ” ಎಂದೆ. ಅದು ಬರೀ ಕೆಮ್ಮು ಎಂದು ಹೇಳಿ ಅವಳು ಅದನ್ನೂ ಒಪ್ಪಲಿಲ್ಲ.

ಆ ಭಾನುವಾರ ಬಂತು. ಮೂರು ಗಂಟೆಗೆ ಮದ್ರಾಸಿನಲ್ಲಿ ನಾಲ್ಕು ಎಂಜಿನ್ನುಗಳನ್ನೂ ಎಬ್ಬಿಸಿದೆ. ಅವು ತಿರುಗುವ ಮೊದಲೇ ಗದಗಿನವರಿಗೆ ನಮಸ್ಕಾರ ಹೇಳಿ, ನಾನು ಸೀಟಿನಲ್ಲಿದ್ದೇನೆ ಎಂಬುದನ್ನು ಬಾಯಿಮಾತಿನಲ್ಲಿ ದಾಖಲಿಸಿದೆ. ಮೂರನೆಯ ಎಂಜಿನ್ ಹಿಡಿದದ್ದೇ ತಡ ಬಾಯಿ ಮುಚ್ಚಿಹೋಯಿತು. ಅವರು ಒಂದೆರಡು ಸಲ ಏನೋ ಕೇಳಿದರು. ಉತ್ತರ ಬರದೆ ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲೇ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿರುವುದು ನನಗೆ ತಿಳಿಯುತ್ತಿತ್ತು. ಕಾಟ್ಪಾಡಿ ದಾಟಿತು. ಗುಡ್ಡಗಳು ಬಂದವು. ಈ ಸಲವೂ ಕೆಂಪು ದೀಪ ಮೂರನೆಯದರದ್ದೇ.

“ಕ್ಯಾಪ್ಟನ್ ಸಾಹೇಬ್ರ, ಬೆಂಕಿ ಹತ್ತೈತ್ರಿ. ಏನ್ ಮಾಡಾಕತ್ತೀರಿ, ಬಾಯಿಲೆ ಹೇಳ್ರಿ.”

ಕೈ ಕೆಲಸ ಮಾಡುತ್ತಿತ್ತು. ಪೆಟ್ರೋಲು ನಿಲ್ಲಿಸಿದೆ. ಬಾಯಿ ತೆರೆದಿತ್ತು. ಅದರಿಂದ ಏನೂ ಬರಲಿಲ್ಲ.

“ಈ ಸಲಾನೂ ಎದ್ದು ಹೋದ್ರೇನ್ರಿ, ಸರ? ಹತ್ತು ಎಣಸ್ತೀನಿ. ಅಷ್ಟ್ರಾಗ ಮಾತಾಡ್ಲಿಲ್ಲಂದ್ರ ಹೋದ ಸಲ ಬರದದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಂದು. ಎರಡು.”

ಪ್ರೊಪೆಲ್ಲರ್ ನಿಂತಿತು. ಬೆಂಕಿ ಆರಿಸುವ ಹಿಡಿ ಎಳೆದೆ.

“ಐದು. ಆರು.”

ಕೈಗೆ ಬಿಡುವಾದೊಡನೆ ಮೇಜು ಬಡಿಯಲು ಹೋಗಿ ತಡೆದುಕೊಂಡೆ. ಬಡಗಿಯಾಗಿ ಎರಡನೆಯ ಸಲ ದಾಖಲಾಗುವುದು ನನಗೆ ಬೇಕಿರಲಿಲ್ಲ.

“ಏಳು.”

“ಯಾರ್ರೀ ಅದು ಎಣಿಸ್ತಿರೋದು?” ಎಂದಳು ನನ್ನ ಹೆಂಡತಿ.

ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಸ್ಪೀಕರಿನಲ್ಲಿ ಎಣಿಕೆ ನಿಂತಿತು.

“ಯಾರ್ರಿ, ಅಮ್ಮಾರ?”

“ಇವ್ರ ಮನೆಯವ್ಳು. ಅವ್ರು ಇಲ್ಲೇ ಕುಂತವ್ರೆ. ಎಲ್ಲೂ ಓಗಿಲ್ಲ. ಈ ಕುರ್ಚಿ ಬಿಟ್ಟು ಅವ್ರು ಏಳಲ್ಲ, ನಾನು ಕರುದ್ರೂ ಏಳಲ್ಲ, ನೀವು ಎಣಿಸಿದ್ರೆ ಏಳ್ತಾರಾ?”

“ಮತ್ತ ಮಾತಾಡಂಗಿಲ್ಲ ಯಾಕ್ರಿ?”

“ಮಿಷನ್ನು ತಿರುಗ್ತಿದ್ರೆ ಅವ್ರಿಗೆ ಮಾತು ಬರಲ್ಲ ಕಣ್ರೀ. ಗಣೀಲಿ ಜನಾನ ಎತ್ತಿ ಇಳಿಸಿದೋರು. ಆವಾಗಿಂದ ಅಂಗೇ. ನಿಮ್ಗೇನ್ ಬೇಕು, ನನ್ನ ಕೇಳಿ.”

ಗದಗಿನವರು ಪರೀಕ್ಷೆಯನ್ನು ಅವಳ ಕಡೆಗೇ ತಿರುಗಿಸಿದರು.

“ಮೂರನೇ ಎಂಜಿನ್ ಏನಾತ್ರಿ?”

“ಪೆಟ್ರೋಲ್ ಬಂದ್ ಮಾಡಿದ್ರು. ಫ್ಯಾನು ನಿಂತೋಯ್ತು. ಅದೇನೋ ಕೆಂಪು ಇಡಿ ಎಳುದ್ರು, ದೀಪ ಆರೋಯ್ತು.”

ಫ್ಯಾನು ಎಂಬ ಪದಪ್ರಯೋಗಕ್ಕೆ ನನ್ನ ಆಕ್ಷೇಪಣೆ ಇದೆ. ಉಳಿದಂತೆ ವರದಿ ನಿಖರವಾಗಿತ್ತು.

“ನಾಲ್ಕನೇದರ ಎಣ್ಣಿ ಕಾವು ಎಷ್ಟೈತಿ, ಅವರನ್ನ ಕೇಳಿ ಹೇಳ್ರಿ.”

ನಾನು ಮುಳ್ಳಿನ ಕಡೆ ಬೆರಳು ತೋರಿಸುವಷ್ಟರಲ್ಲಿ ಅವಳು ಹೇಳಿಬಿಟ್ಟಳು. “ಹಸ್ರಲ್ಲೇ ಐತೆ. ಸ್ವಲ್ಪ ಮೇಲುಕ್ಕೈತೆ, ನಾಕ್ನೇದು ಯಾವಾಗ್ಲೂ ಅಂಗೇ. ಅದ್ರ ಗಾಳಿಬಾಗ್ಲು ಒಂದ್ ಬೆರಳು ಜಾಸ್ತಿ ತೆಗೀತಾರೆ. ಈಗ್ಲೂ ತೆಗ್ದವ್ರೆ.”

ನಾಲ್ಕನೆಯ ಎಂಜಿನ್ ಉಳಿದವುಗಳಿಗಿಂತ ಸ್ವಲ್ಪ ಬಿಸಿಯಾಗಿ ಓಡುತ್ತದೆ ಎಂಬುದನ್ನು ನಾನು ಯಾರಿಗೂ ಹೇಳಿದವನಲ್ಲ. ಕಂಪನಿಯ ಯಾರೊಬ್ಬರೂ ಅದನ್ನು ಗಮನಿಸಿರಲಿಲ್ಲ. ಪರೀಕ್ಷೆಗೆಂದು ಈ ವಿಮಾನದಲ್ಲಿ ನಾನು ಅಭ್ಯಾಸ ಮಾಡಿದ ಆರು ತಿಂಗಳೂ ಇವಳು ಕಾಫಿ ಬೇಕೋ ಎಂದು ಕೇಳಲು ಬಂದು ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಒಂದು ಕ್ಷಣ ಡಯಲಿನಿಂದ ಕಣ್ಣು ತೆಗೆದು ಅವಳ ಕಡೆ ನೋಡಿದೆ. ಇದು ನನ್ನ ಸರ್ವೀಸಿನಲ್ಲೇ ಮೊದಲ ಲೋಪ.

“ಮುಂದೆ ನೋಡಿ,” ಎಂದಳು.

ಮುಂದೆ ನೋಡಿದೆ. ಬಂಗಾರಪೇಟೆ, ಮಾಲೂರು, ಹೊಸಕೋಟೆ ದಾಟಿದವು. ಗದಗಿನವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಚಕ್ರ ಇಳಿಸಿದ್ದನ್ನು “ಕಾಲು ಬಿಟ್ರು” ಎಂದಳು. ರನ್‌ವೇ ಕಂಡಾಗ “ರೋಡು ಬಂತು, ನೆಟ್ಟಗೈತೆ” ಎಂದಳು. ಚಕ್ರ ನೆಲ ಮುಟ್ಟಿದಾಗ ಯಾರೂ ಕೇಳದೆಯೇ “ಇಳಿದ್ವಿ” ಎಂದಳು. ವಿಮಾನ ನಿಲ್ಲುವ ಜಾಗಕ್ಕೆ ನಿಧಾನವಾಗಿ ಸಾಗುತ್ತಿರುವಾಗ ಮಾತು ಹೇಗೋ ಔಷಧಿ ಅಂಗಡಿಗೆ ತಿರುಗಿ, ಅವಳ ಎಡ ಮಂಡಿಯ ನೋವು ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಂಬಲ್ಲಿಗೆ ಬಂದಿತ್ತು.

ಕೊನೆಯ ಪ್ರೊಪೆಲ್ಲರ್ ನಿಂತಿತು. ನನ್ನ ನಾಲಗೆ ಬಿಟ್ಟುಕೊಂಡಿತು.

“ನಾನು ಸೀಟಿನಲ್ಲೇ ಇದ್ದೆ,” ಎಂದೆ.

“ಗೊತ್ತಾತ್ರಿ, ಸರ,” ಎಂದರು ಗದಗಿನವರು. “ಹೋದ ಸಲಾನೂ ಇದ್ರಿ ಅಂತ ಈಗ ತಿಳೀತು. ನನ್ನದ ತಪ್ಪಾತು. ಸ್ವಲ್ಪ ಅಮ್ಮಾರ ಕೈಯಾಗ ಮೈಕ್ ಕೊಡ್ರಿ, ಮಂಡಿ ಇಚಾರ ಅರ್ಧಕ್ಕ ನಿಂತೈತಿ.”

ಸೋಮವಾರ ಬೆಳಿಗ್ಗೆ ಆದೇಶ ಬಂತು. ಹಿಂದಿನ ಷರಾ ರದ್ದುಪಡಿಸಲಾಗಿದೆ. ಎರಡೂ ಪರೀಕ್ಷೆಗಳಲ್ಲಿ ಪರೀಕ್ಷಾರ್ಥಿಯು ಸೀಟಿನಲ್ಲಿ ಇದ್ದರು. ಇಷ್ಟನ್ನು ನಾನು ಮೂರು ಸಲ ಓದಿದೆ. ಬ್ಯಾಂಕ್ಸ್‌ಮನ್ನನಿಗೂ ಫೋನು ಮಾಡಿ ಓದಿ ಹೇಳಿದೆ. ಕ್ಯಾಪ್ಟನ್ ಪದವಿಯನ್ನೂ ನೀಡಲಾಗಿತ್ತು. ಆಮೇಲೆ ಕೆಳಗೆ ಒಂದು ಷರತ್ತು ಇತ್ತು: ಆ ಕಾಲದ ವಿಮಾನಗಳಲ್ಲಿ ರೇಡಿಯೊ ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುತ್ತಿದ್ದುದರಿಂದ, ಸದರಿ ಕ್ಯಾಪ್ಟನ್ನರು ಮಾತನಾಡುವ ಸಿಬ್ಬಂದಿ ಜೊತೆಯಲ್ಲಿದ್ದಾಗ ಮಾತ್ರ ಹಾರತಕ್ಕದ್ದು.

ಎಂದರೆ ನನ್ನ ಪದವಿಗೆ ಅವಳ ಬಿಡುವು ಬೇಕು. ಮದ್ರಾಸು ವಿಮಾನ ಹೊರಡುವ ವೇಳೆ ಹಾಲು ಕರೆಯುವ ವೇಳೆಗೆ ಅಡ್ಡ ಬಂತೆಂದು ಅವಳು ಹೇಳಿದ್ದೇ ತಡ, ಕಂಪನಿ ಒಂದು ಮಾತೂ ಆಡದೆ ವೇಳಾಪಟ್ಟಿ ಬದಲಿಸಿತು. ಅಂಚೆ ವಿಮಾನದ ವೇಳೆ ಹತ್ತು ನಿಮಿಷ ಹಿಂದೆ ಹಾಕಿ ಎಂದು ನಾನು ಮೂರು ವರ್ಷದಲ್ಲಿ ಐದು ಅರ್ಜಿ ಕೊಟ್ಟಿದ್ದೆ, ಅವು ಇನ್ನೂ ಪರಿಶೀಲನೆಯಲ್ಲಿವೆ.

ಕ್ಯಾಪ್ಟನ್ನಾಗಿ ನನ್ನ ಮೊದಲ ಹಾರಾಟಕ್ಕೆ ಬಳಗದ ಹತ್ತು ಹನ್ನೆರಡು ಜನ ಕೇಳಲು ಸೇರಿದ್ದರು. ನನ್ನ ಪಕ್ಕ ಊಟದ ಮನೆಯ ಸ್ಟೂಲು ಹಾಕಿಕೊಂಡು ಅವಳು ಕೂತಳು. ಒಂದನೆಯ ಎಂಜಿನ್ನೂ ಹಿಡಿಯಿತು. ಸ್ಪೀಕರಿನಲ್ಲಿ ಒಬ್ಬೊಬ್ಬರೂ ಅಮ್ಮಾ ನಮಸ್ಕಾರ, ಅಮ್ಮಾ ಮಂಡಿ ಹೇಗಿದೆ, ಅಮ್ಮಾ ಊಟ ಆಯಿತಾ ಎಂದರು. ಎಲ್ಲರೂ ಮುಗಿಸಿದ ಮೇಲೆ ಯಾರೋ ಒಬ್ಬರಿಗೆ ನೆನಪಾಗಿ ಕೇಳಿದರು:

“ಅಮ್ಮಾ, ಕ್ಯಾಪ್ಟನ್ ಇದ್ದಾರಾ?”

“ಅವ್ರೆ, ಅವ್ರೆ,” ಎಂದಳು.

ಈ ಧೋರಣೆಯ ಬಗ್ಗೆ ನನ್ನ ತೀವ್ರ ಆಕ್ಷೇಪಣೆ ಇದೆ. ಅಲ್ಲೇ, ಆಗಲೇ, ಬಾಯಿಮಾತಿನಲ್ಲೇ ದಾಖಲಿಸುತ್ತಿದ್ದೆ. ಆದರೆ ನಾಲ್ಕೂ ಎಂಜಿನ್ ತಿರುಗುತ್ತಿದ್ದವು.